ಅಜ್ಜನ ಬಂದೂಕಿನ ಮೇಲಿನ ಹೆಸರು

ಚುನಾವಣೆ ಬಂತೆಂದು ಅಜ್ಜನ ಬಂದೂಕನ್ನು ಠಾಣೆಗೆ ಒಪ್ಪಿಸಲು ಇವತ್ತು ಅಪ್ಪನ ಜೊತೆ ಸಿರುಗುಪ್ಪಕ್ಕೆ ಹೋಗಿದ್ದೆ. ಚೀಲ ಬಿಚ್ಚಿದಾಗ ಹಳೆಯ ಎಣ್ಣೆಯ ವಾಸನೆ ಬಡಿಯಿತು.

ಆಯುಧಪೂಜೆಯ ದಿನ ಅಜ್ಜ ನಳಿಗೆಯ ಮೇಲಿನ ವಿದೇಶಿ ಕಂಪನಿಯ ಹೆಸರಿಗೇ ಮೊದಲು ವಿಭೂತಿ ಹಚ್ಚುತ್ತಿದ್ದ. ಒಂದು ಸಂಜೆ ನಮ್ಮ ಭತ್ತದ ಗದ್ದೆಯಲ್ಲಿ ಕಾಡುಹಂದಿ ಅಪ್ಪನ ಮೇಲೆ ನುಗ್ಗಿತು. ಅಜ್ಜ ಟ್ರಿಗರ್ ಎಳೆದ. ಟಿಕ್ ಎಂದಿತಷ್ಟೆ. ಹಂದಿ ಅಪ್ಪನ ತೊಡೆ ಸೀಳಿ ಹೋಯಿತು.

"ಹೆಸರಷ್ಟ ದೊಡ್ಡದ್ರೀ, ಸ್ಪ್ರಿಂಗ್ ಮೊದಲಿಂದ್ಲೂ ಸಡಿಲ ಐತಿ," ಎಂದ ಆಮೇಲೆ ಅದನ್ನು ಬಿಚ್ಚಿ ನೋಡಿದ ಕೌಲ್ ಬಜಾರಿನ ಬಂದೂಕು ರಿಪೇರಿಯವನು.

"ಅಂಥಾ ಕಂಪನಿ ತಪ್ಪು ಮಾಡ್ತೈತೇನಲೇ? ಗುಂಡು ಹಸಿ ಆಗಿತ್ತು!" ಎಂದು ಅಜ್ಜ ರೇಗಿದ.

ಇವತ್ತು ಪೇದೆಯೂ ಆ ಹೆಸರು ಓದಿ ಕಣ್ಣರಳಿಸಿದ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಕುಂಟುತ್ತ ಮುಂದೆ ಬಂದ. "ಭಾರೀ ಕಂಪನಿದ್ರೀ ಅದು. ಜ್ವಾಕಿಲೆ ಇಡ್ರಿ."