ಬೆಂಡೆಕಾಯಿ ಪೋಣಿಸುವ ಕೈ

ಬೆಳಕು ಹರಿಯುವ ಮೊದಲು ಮೆಬ್ರುರೆ ಮುಗಿಸಬೇಕಾದ ಕೆಲಸಗಳು ಇವು: ಅಗ್ಗಿಷ್ಟಿಕೆಯ ಬೂದಿ ತೆಗೆಯುವುದು, ಹೊಸ ಇದ್ದಿಲು ಹಾಕಿ ಹೊಗೆ ಅಡಗುವ ತನಕ ಅಂಗಳದಲ್ಲಿಟ್ಟು ಕಾಯುವುದು. ತೊಟ್ಟಿಯಿಂದ ನೀರು ಸೇದಿ ಅತ್ತೆಯ ನಮಾಜಿಗೊಂದು ತಂಬಿಗೆ, ಗಂಡನ ಕ್ಷೌರಕ್ಕೊಂದು ತಂಬಿಗೆ ಬಿಸಿ ಮಾಡುವುದು. ಮಗಳು ಬೆದಿಯಾ ಹಾಸಿಗೆ ಒದ್ದೆ ಮಾಡಿದ್ದರೆ ಅದನ್ನು ಒಗೆದು ಹರವುವುದು. ಗಂಡನ ಊಟದ ಕ್ಯಾರಿಯರಿಗೆ ಅನ್ನ, ಎಣ್ಣೆಯಲ್ಲಿ ಬೇಯಿಸಿದ ಹುರುಳಿಕಾಯಿ ತುಂಬುವುದು. ಇನ್ನು ಮನೆಗೆಲಸವೆಂದು ಯಾರೂ ಲೆಕ್ಕಕ್ಕೆ ಹಿಡಿಯದ ಕೆಲಸ ಬೇರೆ. ಗಂಡ ರಾಗಿಪ್ ಹಿಂದಿನ ದಿನ ಬಳಸಿದ ಕುಂಚಗಳನ್ನು ಸಾಬೂನು ಹಚ್ಚಿ, ಅಂಗೈಯಲ್ಲಿ ತಿರುವಿ, ಬಣ್ಣ ಪೂರ್ತಿ ಬಿಡುವ ತನಕ ತೊಳೆಯಬೇಕು. ಅವನ ಹೊಸ ಕ್ಯಾನ್ವಾಸಿಗೆ ಬಳಿಯುವ ಅಂಟನ್ನು ಅದೇ ಅಗ್ಗಿಷ್ಟಿಕೆಯ ಮೇಲೆ ಕರಗಿಸಬೇಕು. ಅಂಟು ಕುದಿಯಬಾರದು, ಕುದಿದರೆ ಹಿಡಿತ ಹೋಗುತ್ತದೆ. ಒಂದು ಕಣ್ಣು ಅನ್ನದ ಮೇಲೆ, ಒಂದು ಕಣ್ಣು ಅಂಟಿನ ಮೇಲೆ.

ಇಷ್ಟನ್ನೂ ಮುಗಿಸಿದರೆ ದಿನದ ಮೊದಲ ಬೆಳಕು ಅವಳದು. ಮನೆ ಏಳುವ ತನಕ ಅಡುಗೆಮನೆಯ ಕಿಟಕಿಯ ಪಕ್ಕ ತನ್ನ ಚಿತ್ರ ನಿಲ್ಲಿಸಿಕೊಂಡು ಬಣ್ಣ ಹಚ್ಚುತ್ತಿದ್ದಳು. ಬೆದಿಯಾ ಎದ್ದು ಅತ್ತರೆ ಅಲ್ಲಿಗೆ ಮುಗಿಯಿತು.

ಸಮುದ್ರದ ಈಚೆ ದಡದ ಉಸ್ಕುದಾರ್ ಬಡಾವಣೆಯ ಆ ಮರದ ಮನೆಯಲ್ಲಿ ಉತ್ತರಕ್ಕೆ ಕಿಟಕಿಯಿದ್ದ ಕೋಣೆ ಒಂದೇ, ಅದು ರಾಗಿಪ್‌ನದು. ಉತ್ತರದ ಬೆಳಕು ಸಂಜೆಯ ತನಕ ಹೆಚ್ಚು ಬದಲಾಗುವುದಿಲ್ಲ. ಬೆಳಿಗ್ಗೆ ಕಂಡ ಬಣ್ಣ ಮಧ್ಯಾಹ್ನವೂ ಅದೇ ಜಾಗದಲ್ಲಿ ಸಿಗುತ್ತದೆ. ಮೆಬ್ರುರೆ ಆ ಕೋಣೆಗೆ ದಿನವೂ ಹೋಗುತ್ತಿದ್ದಳು, ಗುಡಿಸಲು. ಕಸವನ್ನು ಬಾಗಿಲ ತನಕ ತಂದು, ತಿರುಗಿ, ಆ ಕಿಟಕಿಯನ್ನೊಮ್ಮೆ ನೋಡುತ್ತಿದ್ದಳು. ಬೇರೆ ಹೆಂಗಸರು ಗಂಡನ ಮನಸ್ಸು ಕದ್ದವಳನ್ನು ನೆನೆದು ಉರಿದರೆ, ಇವಳು ಗಂಡನ ಕಿಟಕಿಯನ್ನು ನೆನೆದು ಉರಿಯುತ್ತಿದ್ದಳು.

ಅವಳು ಸುಂಕದ ಕಚೇರಿಯ ಗುಮಾಸ್ತನೊಬ್ಬನ ಮಗಳು. ಅಪ್ಪ ತಂದ ರದ್ದಿ ಕಾಗದಗಳ ಹಿಂಬದಿಯಲ್ಲಿ ಇದ್ದಿಲಿನಿಂದ ಬೆಕ್ಕು, ದೋಣಿ, ಅಜ್ಜಿಯ ಮೂಗು ಬರೆದು ಕಲಿತಳು. ಮಹಾಯುದ್ಧ ಶುರುವಾದ ಕಾಲಕ್ಕೆ ಹುಡುಗಿಯರಿಗೂ ಚಿತ್ರಕಲೆಯ ಶಾಲೆ ತೆರೆದಾಗ, ಮುಸುಕು ಹಾಕಿಕೊಂಡು ಸೇತುವೆ ದಾಟಿ ಹೋಗಿ ಸೇರಿಕೊಂಡಳು. ನೋಡಿ ಬರೆಯಲೆಂದು ಎದುರು ಕೂರಲು ಯಾವ ಮನೆಯವರೂ ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲವಾದ್ದರಿಂದ ಊರಿನ ಸ್ನಾನಗೃಹವಾದ ಹಮಾಮಿನಲ್ಲಿ ಮೈ ಉಜ್ಜುವ ಮುದುಕಿಯರನ್ನು ಕರೆತಂದು ಕೂರಿಸುತ್ತಿದ್ದರು. ಅವರು ಕೂತಲ್ಲೇ ತೂಕಡಿಸುತ್ತಿದ್ದರು.

ಗುರುಗಳ ಸಹಾಯಕನಾಗಿ ಅಲ್ಲಿಗೆ ಬರುತ್ತಿದ್ದವನು ರಾಗಿಪ್. ಅವನ ಕೆಲಸ ತಿದ್ದುವುದು. ತಿದ್ದುವುದೆಂದರೆ ಬಾಯಿಮಾತಲ್ಲ, ಹುಡುಗಿಯ ಕೈಯಿಂದ ಕುಂಚ ತೆಗೆದುಕೊಂಡು ಅವಳ ಚಿತ್ರದ ಮೇಲೆಯೇ ಬಣ್ಣ ಹಚ್ಚಿ ಸರಿಮಾಡುವುದು. ಗುರುಗಳು ಮಾಡುತ್ತಿದ್ದದ್ದೂ ಹಾಗೆಯೇ, ಅವರ ಗುರುಗಳೂ ಹಾಗೆಯೇ. ಅವನು ಯಾರ ಚಿತ್ರದ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾನೆಂದು ಹುಡುಗಿಯರೆಲ್ಲ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ನಿಲ್ಲುತ್ತಿದ್ದದ್ದು ಮೆಬ್ರುರೆಯ ಬಳಿ. ಅವಳ ಪಕ್ಕದಲ್ಲಿ ಕೂರುತ್ತಿದ್ದ ಫಿತ್ನತಳ ಚಿತ್ರವನ್ನು ಅವನು ಒಂದು ದಿನವೂ ಮುಟ್ಟಲಿಲ್ಲ. ಫಿತ್ನತ್ ಒಮ್ಮೆ ಮೆಟ್ಟಿಲ ಕೆಳಗೆ ಕೂತು ಅತ್ತದ್ದನ್ನು ಮೆಬ್ರುರೆ ಕಂಡಿದ್ದಳು. ಕಂಡು ಸುಖಪಟ್ಟಿದ್ದಳು ಕೂಡ.

ಮೆಬ್ರುರೆಗೆ ಮದುವೆಯಾಯಿತು. ಫಿತ್ನತಳ ಸೋದರಮಾವ ಅವಳನ್ನು ಪ್ಯಾರಿಸಿಗೆ ಕಳಿಸಿದ. ಯುದ್ಧ ಮುಗಿದು, ಸುಲ್ತಾನ ಹೋಗಿ, ಗಂಡಸರ ತಲೆಯ ಮೇಲೆ ಕೆಂಪು ಟೋಪಿಯ ಬದಲು ಹ್ಯಾಟು ಬರುವ ಹೊತ್ತಿಗೆ ಫಿತ್ನತ್ ಕೂದಲು ಕತ್ತರಿಸಿಕೊಂಡು ಮರಳಿದಳು. ಆಚೆ ದಡದ ಬೆಯೊಗ್ಲುವಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಚಿತ್ರಪ್ರದರ್ಶನಕ್ಕೆ ಚಿತ್ರ ಆರಿಸುವವರಲ್ಲಿ ಅವಳೂ ಒಬ್ಬಳಾದಳು. ಆಗ ಮೆಬ್ರುರೆಯ ಹೊಟ್ಟೆಯುರಿಗೆ ಇನ್ನೊಂದು ಕಿಟಕಿ ಸಿಕ್ಕಿತು.

ಆ ಬೇಸಿಗೆ ಫಿತ್ನತ್ ತಾನಾಗಿಯೇ ಬಂದು, ಈ ಸಲ ಒಂದು ಚಿತ್ರ ಕೊಡು, ಅದಕ್ಕೆ ನಿನ್ನ ಹೆಸರೇ ಹಾಕಿಸುತ್ತೇನೆ ಎಂದು ಹೇಳಿ ಹೋದಳು. ಅಲ್ಲಿಯವರೆಗೆ ಮೆಬ್ರುರೆಯ ಚಿತ್ರಗಳು ಮನೆಯ ಹೊಸ್ತಿಲು ದಾಟಿರಲಿಲ್ಲ. ಮಂಚದ ಕೆಳಗೆ, ಚಳಿಗಾಲದ ರಜಾಯಿಗಳ ಪಕ್ಕ ಮಲಗಿರುತ್ತಿದ್ದವು.

ಎದುರು ಕೂರಲು ಮೆಬ್ರುರೆ ತನ್ನ ಅತ್ತೆ ಪಾಕಿಜೆಯನ್ನು ಕೇಳಿದಳು. ಸುಮ್ಮನೆ ಕೂರಲು ತನಗೇನು ಕಾಯಿಲೆ ಬಂದಿದೆಯೇ ಎಂದಳು ಅತ್ತೆ. ಆದರೆ ಒಣಗಿಸಲು ಬೆಂಡೆಕಾಯಿ ಪೋಣಿಸುವ ಕಾಲ ಅದು. ಕಿಟಕಿಯ ಪಕ್ಕದ ದಿವಾನಿನ ಮೇಲೆ, ಮಡಿಲಲ್ಲಿ ಎಳೆ ಬೆಂಡೆಕಾಯಿ ಸುರಿದುಕೊಂಡು, ಸೂಜಿದಾರ ಹಿಡಿದು, ದಿನವೂ ಬೆಳಿಗ್ಗೆ ನಮಾಜು ಮುಗಿಸಿ ಕೂತಳು. ಕೆಲಸವಿದ್ದರೆ ಅಲ್ಲಾಡದೆ ಕೂರುವವಳು ಅವಳು. ಅಲ್ಲಾಡುತ್ತಿದ್ದದ್ದು ಕೈ ಮಾತ್ರ.

ಉಳಿದದ್ದೆಲ್ಲ ಬಂತು. ಅತ್ತೆಯ ಬಿಳಿ ತಲೆವಸ್ತ್ರ, ಅದರ ನೆರಳಿನ ನೀಲಿ, ಮಡಿಲಿನ ಹಸಿರು ರಾಶಿ, ಎಲ್ಲವೂ ಕತ್ತರಿಸಿ ಅಂಟಿಸಿದಂಥ ಚಪ್ಪಟೆ ಬಣ್ಣಗಳಲ್ಲಿ ಬಂದವು. ಕೈ ಮಾತ್ರ ಬರಲಿಲ್ಲ. ಹಚ್ಚಿದಳು, ಒರೆಸಿದಳು. ಕೊನೆಗೆ ಕಂದು, ಮಾಸಲು ಗುಲಾಬಿ, ನೆರಳಿಗೊಂದು ಕಡುಹಸಿರು ಎಂದು ಮೂರು ತೇಪೆಗಳಲ್ಲಿ ನಿಲ್ಲಿಸಿದಳು. ಬೆರಳುಗಳಿರಲಿಲ್ಲ, ಬೆರಳುಗಳ ಓಡಾಟವಿತ್ತು. ಅಷ್ಟು ಮಟ್ಟಿಗೆ ತಾನು ಕಂಡದ್ದು ಇದೇ ಅನ್ನಿಸಿತು. ಸರಿಯಾಗಿದೆ ಎಂದು ಮಾತ್ರ ಅನ್ನಿಸಲಿಲ್ಲ.

ಹೆಂಗಸರ ಹಮಾಮಿನ ದಿನ ಮೆಬ್ರುರೆ ಅತ್ತೆಯ, ಮಗಳ ಜೊತೆ ಹೋಗಿ ಬಂದಳು. ಒದ್ದೆ ಟವೆಲುಗಳ ಗಂಟು ಇಳಿಸಿ ತಲೆಯೆತ್ತಿ ನೋಡಿದರೆ ಚಿತ್ರದಲ್ಲಿ ಕೈ ಇತ್ತು. ಬೆರಳುಗಳು, ಗೆಣ್ಣುಗಳು, ಸೂಜಿ ಹಿಡಿದ ಹೆಬ್ಬೆರಳಿನ ಉಗುರಿನ ಮೇಲೆ ಬೆಳಕಿನ ಒಂದು ಚುಕ್ಕೆ. ಬಣ್ಣ ಇನ್ನೂ ಹಸಿಯಾಗಿತ್ತು.

ರಾಗಿಪ್ ಕಾಫಿ ಕುಡಿಯುತ್ತಾ ಕೂತಿದ್ದ. "ಕೈ ಸ್ವಲ್ಪ ಮರದ ಥರ ಇತ್ತು. ಸರಿ ಮಾಡಿದೆ" ಎಂದ.

"ನಾನು ಕೇಳಿದ್ನೇನ್ರೀ?"

"ಕೇಳೋದೇನು ಬಂತು? ಇದಕ್ಕೋಸ್ಕರ ನಿಮ್ಮ ಸ್ಕೂಲಲ್ಲಿ ಹುಡುಗೀರು ಕಾಯ್ಕೊಂಡು ನಿಲ್ತಿದ್ರು. ನೀನೂ ನಿಲ್ತಿದ್ದೆ."

"ಹಾಗಾದ್ರೆ ನಾಳೆ ನಿಮ್ಮ ದೋಣಿ ಚಿತ್ರ ಇದೆಯಲ್ಲ, ಅದರ ನೀರನ್ನ ನಾನು ಸರಿ ಮಾಡ್ತೀನಿ."

ರಾಗಿಪ್ ನಕ್ಕ. ತಮಾಷೆ ಎಂದೇ ತಿಳಿದ. ಅವನು ಕೆಟ್ಟವನಲ್ಲ. ಹೆಂಡತಿಯ ಚಿತ್ರ ಹೊರಗೆ ಹೋಗುತ್ತಿದೆ, ನಾಲ್ಕು ಜನ ನಗದಿರಲಿ ಎಂದು ಮಾಡಿದ್ದ. ಅತ್ತೆಯಂತೂ ಚಿತ್ರದ ಮುಂದೆ ನಿಂತು ತನ್ನ ಕೈಯನ್ನೂ ಅದನ್ನೂ ಹೋಲಿಸಿ ನೋಡಿ, "ಈಗ ನೋಡು ಮಗಳೇ, ಮನುಷ್ಯರ ಕೈ ಆಯ್ತು. ಮೊದಲು ಸುಟ್ಟ ಬದನೆಕಾಯಿ ಥರ ಇತ್ತು" ಎಂದಳು.

ಮೆಬ್ರುರೆಯ ಸಂಕಟವೆಂದರೆ ಆ ಕೈ ನಿಜಕ್ಕೂ ಚೆನ್ನಾಗಿತ್ತು. ಅವಳು ಬೆಳಗಿನ ಮೇಲೆ ಬೆಳಗು ಒದ್ದಾಡಿದ್ದನ್ನು ಅವನು ಒಂದು ಕಾಫಿ ಆರುವಷ್ಟರಲ್ಲಿ ಮುಗಿಸಿದ್ದ. ಕೋಪ ಬರಬೇಕಾದ ಜಾಗದಲ್ಲಿ ಅವಳಿಗೆ ಹೊಟ್ಟೆಕಿಚ್ಚು ಬಂತು. ಆ ಉಗುರಿನ ಮೇಲಿನ ಚುಕ್ಕೆಯನ್ನು ನೋಡಿದಷ್ಟೂ ಉರಿಯಿತು. ಆ ಚುಕ್ಕೆಯ ಹಿಂದೆ ಅವನು ಉತ್ತರದ ಕಿಟಕಿಯಲ್ಲಿ ನಿಂತ ವರ್ಷಗಳಿದ್ದವು. ಅಷ್ಟೂ ವರ್ಷ ಅವನ ಕುಂಚ ತೊಳೆದವಳು ಯಾರು, ಅನ್ನ ಇಟ್ಟವಳು ಯಾರು, ಮಗು ಅತ್ತಾಗ ಎದ್ದು ಓಡಿದವಳು ಯಾರು? ಅವನ ಕೈ ಪಳಗಿದ್ದು ಅವಳ ಬೆಳಗುಗಳನ್ನು ತಿಂದು.

ಮರುದಿನ ಫಿತ್ನತ್ ಚಿತ್ರ ನೋಡಲು ಬಂದಳು. ಹತ್ತಿರ ಹೋಗಿ, ಬಾಗಿ ನೋಡಿದಳು. ಆಮೇಲೆ, "ಈ ಕೈ ಹೇಗೆ ಬರೆದೆಯೇ?" ಎಂದಳು.

ಮೆಬ್ರುರೆ ದಿವಾನಿನ ಮೇಲಿದ್ದ ಬೆಂಡೆಕಾಯಿ ಸರಿಸಿ ಅವಳಿಗೆ ಕೂರಲು ಜಾಗ ಮಾಡಿದಳು.

"ಪ್ಯಾರಿಸಲ್ಲಿ ಅಷ್ಟು ವರ್ಷ ಇದ್ದು ಬಂದೆ. ಇಂಥಾ ಒಂದು ಕೈ ನನಗೆ ಬರಲಿಲ್ಲ ನೋಡು" ಎಂದ ಫಿತ್ನತಳ ಮುಖ ಸಣ್ಣದಾಗಿತ್ತು. ಮೆಟ್ಟಿಲ ಕೆಳಗೆ ಅತ್ತ ಹುಡುಗಿಯದೇ ಮುಖ. "ಬೇಜಾರು ಮಾಡ್ಕೋಬೇಡ, ಉಳಿದದ್ದೆಲ್ಲ ಜಗಳಕ್ಕೆ ನಿಂತ ಹಾಗಿದೆ. ಚಿತ್ರ ಆರಿಸೋ ನಮ್ಮ ಮುದುಕರಿಗೆ ರುಚಿಸಲ್ಲ. ಆದರೆ ಈ ಕೈ ನೋಡಿದ್ರೆ ಅವರೂ ಬಾಯಿ ಮುಚ್ಕೋತಾರೆ. ದೊಡ್ಡ ಗೋಡೆಗೇ ಹಾಕಿಸ್ತೀನಿ. ಇದೊಂದು ಇಲ್ದಿದ್ರೆ ನಾನೂ ಏನೂ ಮಾಡೋಕಾಗ್ತಿರಲಿಲ್ಲ."

ಅದು ನನ್ನದಲ್ಲ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಮೆಬ್ರುರೆ ಹೇಳಲಿಲ್ಲ. ಇಷ್ಟು ವರ್ಷ ತಾನು ಯಾರನ್ನು ನೆನೆದು ಕರುಬಿದ್ದಳೋ ಅವಳೇ ಈಗ ತನ್ನೆದುರು ನಿಂತು ಕರುಬುತ್ತಿದ್ದಳು. ಅದರ ರುಚಿ ನಾಲಿಗೆಯ ಮೇಲೆ ಇಳಿಯುತ್ತಿತ್ತು, ಉಗುಳಲು ಮನಸ್ಸಾಗಲಿಲ್ಲ. ಕಾಫಿಯ ಜೊತೆ ಗುಲಾಬಿ ಎಸಳಿನ ಮುರಬ್ಬವನ್ನೂ ತಂದುಕೊಟ್ಟಳು.

ಹೊರಡುವಾಗ ಫಿತ್ನತ್ ಚಪ್ಪಲಿ ಹಾಕಿಕೊಳ್ಳುತ್ತಾ, "ರಾಗಿಪ್ ನಿನ್ನ ಚಿತ್ರ ತಿದ್ತಿದ್ದಾಗ ನಿನ್ನ ಕಂಡ್ರೆ ಎಷ್ಟು ಉರೀತಿತ್ತು ಗೊತ್ತಾ? ನನ್ನದನ್ನ ಅವನು ಮುಟ್ಟಲೇ ಇಲ್ಲ. ಅದಕ್ಕೇ ಇರಬೇಕು, ಕೆಟ್ಟದೋ ಒಳ್ಳೇದೋ ನನ್ನದು ನನ್ನ ಥರಾನೇ ಉಳೀತು" ಎಂದು ನಕ್ಕಳು. ನಾಡಿದ್ದು ಮಧ್ಯಾಹ್ನ ಹಮಾಲಿ ಬರುತ್ತಾನೆ, ಚಿತ್ರ ಸಿದ್ಧವಿಟ್ಟಿರು ಎಂದಳು.

ಹಮಾಲಿ ಬರುವ ದಿನ ರಾಗಿಪ್ ಪಾಠ ಹೇಳಲು ಹೋದ. ಅತ್ತೆ ಬೆದಿಯಾಳನ್ನು ಕರೆದುಕೊಂಡು ನೆಂಟರ ಮನೆಗೆ ದೋಣಿ ಹತ್ತಿದಳು. ಮನೆಯಲ್ಲಿ ಯಾರೂ ಇಲ್ಲದ ಬೆಳಗು ಮೆಬ್ರುರೆಗೆ ಯಾವಾಗ ಸಿಕ್ಕಿತ್ತೋ ನೆನಪಿಲ್ಲ. ಅವಳು ಚಿತ್ರವನ್ನು ಎತ್ತಿಕೊಂಡು ಹೋಗಿ ಗಂಡನ ಕೋಣೆಯಲ್ಲಿ ನಿಲ್ಲಿಸಿದಳು.

ಆ ಬೆಳಕಿನಲ್ಲಿ ಎಲ್ಲ ಸ್ಪಷ್ಟವಾಯಿತು. ತಲೆವಸ್ತ್ರ, ಮಡಿಲು, ಹಸಿರು ಒಬ್ಬಳ ಕಣ್ಣು. ಕೈ ಇನ್ನೊಬ್ಬನ ಕಣ್ಣು. ಆ ಕೈ ಅಷ್ಟು ಚೆನ್ನಾಗಿದ್ದದ್ದರಿಂದಲೇ ಉಳಿದದ್ದೆಲ್ಲ ತಪ್ಪಿನ ಹಾಗೆ ಕಾಣುತ್ತಿತ್ತು.

ಹೀಗೇ ಕಳಿಸಿದರೆ ದೊಡ್ಡ ಗೋಡೆ, ಕೆಳಗೆ ಅವಳ ಹೆಸರು. ಬಂದವರು ಆ ಕೈಯನ್ನೇ ನೋಡುತ್ತಾರೆ. ಮುಂದಿನ ಚಿತ್ರಕ್ಕೂ ಅಂಥದೇ ಕೈ ಕೇಳುತ್ತಾರೆ, ಅದಕ್ಕಾಗಿ ಅವಳು ಮತ್ತೆ ಗಂಡನ ಮುಂದೆ ಕುಂಚ ಹಿಡಿದು ನಿಲ್ಲಬೇಕು. ಕೆರೆದುಹಾಕಿದರೆ ಫಿತ್ನತ್ ಮಾತು ಕೊಟ್ಟ ಗೋಡೆ ಹೋಗುತ್ತದೆ. ಚಿತ್ರ ಪ್ರದರ್ಶನದ ಮೆಟ್ಟಿಲ ಬಳಿ ಕತ್ತಲಲ್ಲಿ ತೂಗಬಹುದು, ಇಲ್ಲವೇ ಅದೇ ಹಮಾಲಿಯ ಬೆನ್ನ ಮೇಲೆ ವಾಪಸ್ಸು ಬರಬಹುದು. ರಾಗಿಪ್ ವಾರಗಟ್ಟಲೆ ಮಾತು ಬಿಡುತ್ತಾನೆ. ಮಧ್ಯಾಹ್ನದೊಳಗೆ ತಾನು ಕಂಡ ಕೈಯನ್ನು ಮತ್ತೆ ಬರೆಯಲು ಆದರೆ ಆಯಿತು, ಆಗದಿದ್ದರೆ ಅಲ್ಲಿ ಬರಿಯ ಬಟ್ಟೆ ಇಟ್ಟುಕೊಂಡೇ ಚಿತ್ರ ಹೋಗಬೇಕು.

ಅವಳು ಬಣ್ಣ ಕೆರೆಯುವ ಚಾಕು ತೆಗೆದುಕೊಂಡಳು. ತಾನು ಮಾಡಲಿರುವುದು ನ್ಯಾಯವೋ, ತನಗೆ ಬಾರದ್ದನ್ನು ಅಳಿಸಿಹಾಕುವ ಹೊಟ್ಟೆಕಿಚ್ಚೋ ಎಂದು ತನ್ನನ್ನೇ ಕೇಳಿಕೊಂಡಳು. ಹೊಟ್ಟೆಕಿಚ್ಚೂ ಇದೆ ಎಂದು ಒಪ್ಪಿಕೊಂಡಳು. ಇದ್ದರೆ ಇರಲಿ, ಅದಾದರೂ ಪೂರ್ತಿ ತನ್ನದೇ.

ಬಣ್ಣದ ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು, ಒಳಗೆ ಇನ್ನೂ ಮೆತ್ತಗಿತ್ತು. ಚಾಕುವಿನ ಅಂಚನ್ನು ಮಣಿಕಟ್ಟಿನ ಬಳಿ ಊರಿ, ಬೆರಳುಗಳ ಕಡೆಗೆ ಎಳೆದಳು.