ಟೀ ರೂಮಿನ ಪೀಟರ್

ಮೊನ್ನೆ ಹಾಸನದಲ್ಲಿ ಹಳೆಯ ಟೀ ರೂಮಿನ ಮುಂದೆ ನಡೆದು ಹೋಗುತ್ತಿದ್ದಾಗ ಸಕ್ಕರೆ ಕರಗಿ ಕಂದು ಬಣ್ಣಕ್ಕೆ ತಿರುಗುವ ವಾಸನೆ ಮೂಗಿಗೆ ಬಡಿಯಿತು. ಸಕ್ಕರೆ ಕಾಯಿಲೆಯವನಿಗೆ ಇಂಥ ವಾಸನೆ ಸಿಕ್ಕರೆ ಕಾಲು ತಾನಾಗಿ ನಿಲ್ಲುತ್ತದೆ. ಆ ರಸ್ತೆಯಲ್ಲಿ ಓಡಾಡಿದ್ದರೆ ನೀವೂ ಆ ಟೀ ರೂಮನ್ನು ನೋಡಿರುತ್ತೀರಿ. ಬ್ರಿಟಿಷರ ಕಾಲದಲ್ಲಿ ಕಾಫಿ ತೋಟದ ದೊರೆಸಾನಿಯೊಬ್ಬಳು ತೆರೆದದ್ದು. ಅವಳು ಇಂಗ್ಲೆಂಡಿಗೆ ಹೊರಟಾಗ ಹಾಸನದ ರಾಯರೊಬ್ಬರು ಕೊಂಡುಕೊಂಡರು. ಜೊತೆಗೆ ಬಂದದ್ದು ಕೇಕಿನ ಒಲೆ, ಒಲೆಯ ಮುಂದಿದ್ದ ಪೀಟರ್.

ಪೀಟರ್ ಅಂದರೆ ನಮ್ಮಪ್ಪ, ಹಳೇಕೋಟೆಯ ಪುಟ್ಟಯ್ಯ. ಹೆಸರಿಗೆ ನಾಲಿಗೆ ಹೊರಳದೆ ದೊರೆಸಾನಿ ಹಾಗೆ ಕರೆದಳಂತೆ. ಕ್ರಿಶ್ಚಿಯನ್ನನೆಂದುಕೊಂಡು ಎಲ್ಲರೂ ಅವನ ಕೇಕನ್ನು ಚಪ್ಪರಿಸಿ ತಿಂದರು. ಊರಾಚೆಯ ಕೇರಿಯವನೆಂದು ಗೊತ್ತಿದ್ದರೆ ಮೆಟ್ಟಿಲೂ ಹತ್ತುತ್ತಿರಲಿಲ್ಲ. ಅಪ್ಪ ಹಿಂಬಾಗಿಲಿನಿಂದಲೇ ಹೋಗಿ ಬರುತ್ತಿದ್ದ.

ಒಂದು ದಿನ ಕೈಯಾಳು ಇರಲಿಲ್ಲವೆಂದು ತಾನೇ ಟ್ರೇ ಹಿಡಿದು ಹೊರಗೆ ಬಂದ. ಅಲ್ಲಿ ನಮ್ಮೂರ ಪಟೇಲರು ಕೂತಿದ್ದರು.

"ಲೇ ಪುಟ್ಟ, ನೀನೇನ್ಲಾ ಇಲ್ಲಿ?"

"ಕೇಕ್ ಮಾಡೋನು ನಾನೇ ಬುದ್ಧಿ."

ಪಟೇಲರು ತಟ್ಟೆ ಸರಿಸಿ ಎದ್ದರು. ವಾರದೊಳಗೆ ಅರ್ಧಕ್ಕರ್ಧ ಮೇಜುಗಳು ಖಾಲಿ.

"ಪಟೇಲರಿಗೆ ಕಣ್ಣು ಮಂದ, ನಾನು ಪೀಟರೇ ಅಂದುಬಿಡು," ಅಂದರು ರಾಯರು.

"ಹೆಸ್ರು ದೊರೆಸಾನಿ ಇಟ್ಲು, ಇಟ್ಕೊಂಡೆ. ಅಪ್ಪ ಅವ್ವನ್ನೇ ಇಲ್ಲ ಅನ್ನಕಾಯ್ತದಾ ಸ್ವಾಮಿ?" ಅಂದವನೇ ಅಪ್ಪ ಊರಿಗೆ ಬಂದು ಕೂಲಿಗೆ ನಿಂತ.

ರಾಯರು ಬೇರೆ ಇಬ್ಬರನ್ನು ಒಲೆಯ ಮುಂದೆ ನಿಲ್ಲಿಸಿ ನೋಡಿದರು. ಒಬ್ಬನ ಕೇಕು ಇಟ್ಟಿಗೆ, ಇನ್ನೊಬ್ಬನದು ಉಪ್ಪಿಟ್ಟು. ಕೊನೆಗೆ ಹಳೇಕೋಟೆಗೇ ಬಂದು ನಮ್ಮ ಜಗಲಿಯಲ್ಲಿ ಕೂತರು. ಅವ್ವ ಹಿಂಜರಿಯುತ್ತ ಕೊಟ್ಟ ಟೀಯನ್ನು ಒಂದು ಗಳಿಗೆ ಹಿಡಿದು ನೋಡಿದರು. ಆಮೇಲೆ ಕುಡಿದರು.

"ಬಾರಯ್ಯ ಪುಟ್ಟಯ್ಯ."

"ಮುಂಬಾಗಿಲಿಂದ ಬತ್ತೀನಿ ಸ್ವಾಮಿ."

"ಬಾ."

ಹಾಗೇ ಹೋದ. ಜನ ನಿಧಾನಕ್ಕೆ ಮರಳಿದರು. ಪಟೇಲರು ಮತ್ತೆ ಬರಲಿಲ್ಲ. ಅವರ ಮನೆಗೆ ಕೇಕು ಮಾತ್ರ ತಪ್ಪದೆ ಹೋಗುತ್ತಿತ್ತು.

ಇಷ್ಟು ಹೆಮ್ಮೆಯಿಂದ ಹೇಳುತ್ತಿರುವ ನಾನೇನು ಮಾಡಿದೆ ಅಂತೀರಿ? ನೌಕರಿ ಸಿಕ್ಕಿ ಹಾಸನದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಹೊಸ ಬಡಾವಣೆಯ ಮಾಲೀಕನೊಬ್ಬ, ಹೊರಗಿನಿಂದ ಬಂದವನು, "ಟೀ ರೂಮ್ ಪೀಟರ್ ಮಗನಂತೆ?" ಅಂದ. ಹೌದೆಂದು ತಲೆಯಾಡಿಸಿದೆ. ಕ್ರಿಶ್ಚಿಯನ್ನನೆಂದುಕೊಂಡು ಮನೆ ಕೊಟ್ಟ. ಅಪ್ಪ ಒಮ್ಮೆ ಬಂದಾಗ ಮಾಲೀಕ "ಬನ್ನಿ ಪೀಟರ್" ಅಂದ. ಅಪ್ಪ ನನ್ನ ಮುಖ ನೋಡಿದ. ಆ ಮನೆಗೆ ಮತ್ತೆ ಬರಲೂ ಇಲ್ಲ. ಅಪ್ಪ ತೀರಿಹೋಗಿ ಎಷ್ಟೋ ವರ್ಷವಾಯಿತು. ಆ ನೋಟಕ್ಕೆ ಉತ್ತರ ಕೊಡುವುದು ಉಳಿದೇಹೋಯಿತು.

ಮೊನ್ನೆ ಒಳಗೆ ಹೋದೆ. ರಾಯರ ಮೊಮ್ಮಗ ಅಂಗಡಿಯ ಚರಿತ್ರೆಯನ್ನು ಗೋಡೆಗೆ ಬರೆಸುತ್ತಿದ್ದ. ನನ್ನ ಗುರುತು ಹಿಡಿದು, "ಅಂಕಲ್, ಪೀಟರ್ ಅವರ ಪೂರ್ತಿ ಹೆಸರೇನು?" ಅಂದ.

"ಪುಟ್ಟಯ್ಯ. ಹಳೇಕೋಟೆ ಪುಟ್ಟಯ್ಯ."

"ಜೋರಾಗ್ ಏಳಿ ಸಾ, ಕೇಳ್ನಿಲ್ಲ," ಅಂದ ಏಣಿಯ ಮೇಲಿದ್ದ ಪೇಂಟರ್.

ಜೋರಾಗಿ ಹೇಳಿದೆ. ಟೀ ಕುಡಿಯುತ್ತಿದ್ದ ಇಬ್ಬರು ತಿರುಗಿ ನೋಡಿದರು, ಮತ್ತೆ ಕೇಕಿಗೆ ಕೈಹಾಕಿದರು.