ಮಾತು ಮುಗಿದದ್ದಕ್ಕೂ ಗಂಟೆ

“ಇವತ್ತು ನಡುವೆ ಏಳದೆ ಗಂಜಿ ಪೂರಾ ಕುಡಿಸಿದಿರಿ,” ಅಂದಳು ನನ್ನ ಹೆಂಡತಿ. ಅದೇ ಅವಳ ಕಡೆಯ ಮಾತು.

ಕಡಬದ ಹತ್ತಿರದ ನಮ್ಮೂರಿನ ಟೆಲಿಫೋನ್ ಎಕ್ಸ್‌ಚೇಂಜ್ ಆಗ ನಮ್ಮ ಮನೆಯ ಎದುರು ಕೋಣೆಯಲ್ಲೇ ಇತ್ತು. ಆಪರೇಟರ್ ನಾನೇ. ಯಾರಾದರೂ ಕರೆದರೆ ಗಂಟೆ, ಬೋರ್ಡಿಗೆ ವಯರ್ ಚುಚ್ಚಿ ಲೈನ್ ಜೋಡಿಸಬೇಕು; ಅವರು ಮಾತು ಮುಗಿಸಿದರೂ ಗಂಟೆ, ವಯರ್ ಕೀಳಬೇಕು. ಅವಳು ಹಾಸಿಗೆ ಹಿಡಿದ ಮೇಲೆ ಎರಡು ಚಮಚ ಕುಡಿಸುವಷ್ಟರಲ್ಲಿ ನಾನು ಏಳುದು, ಓಡುದು.

ಅವಳು ಆ ಕಡೆಯ ಮಾತು ಹೇಳಿದ ದಿನ ರಿಪೇರಿಗೆ ಬಂದ ಪುತ್ತೂರಿನ ಮೆಕ್ಯಾನಿಕ್ ಇದನ್ನು ನೋಡಿದರು.

“ಮಾತು ಮುಗಿಸಿದವರಿಗೆ ಇನ್ನೆಂತ ಅರ್ಜೆಂಟ್ ಉಂಟು ಮಾರಾಯ್ರೆ?”

“ಜೋಡಿಸಿದ ವಯರ್ ತೆಗೆಯಬೇಕಲ್ಲ?”

“ಮುಂದಿನವರು ಕರೆದಾಗ ಹೇಗೂ ಏಳ್ತೀರಿ. ಆಗಲೇ ಅದನ್ನೂ ತೆಗೆದರಾಯ್ತು. ಹೋಗಿ, ಗಂಜಿ ತಣಿಯುತ್ತದೆ.”

ಮಾತು ಮುಗಿದದ್ದಕ್ಕೆ ಗಂಟೆ ಬಡಿಯದ ಹಾಗೆ ಅವರು ಮಾಡಿಕೊಟ್ಟರು. ಅವಳು ನಿಧಾನಕ್ಕೆ ಕುಡಿದಳು. ಆ ಮಾತು ಹೇಳಿ ಕಣ್ಣು ಮುಚ್ಚಿದವಳು ಮತ್ತೆ ತೆರೆಯಲಿಲ್ಲ.

ಮರುದಿನ ಬೆಳಿಗ್ಗೆ ಸುಳ್ಯದಲ್ಲಿದ್ದ ಅವಳ ಅಣ್ಣನಿಗೆ ಸುದ್ದಿ ಹೇಳಲು ಲೈನ್ ಹಾಕಿದೆ. ಬಾವ “ಹಲೋ” ಅಂದರು. ದಿನಾ ಎಲ್ಲರಿಗೂ ಹೇಳುವ ಹಾಗೆ “ಲೈನ್ ಸಿಕ್ಕಿದೆ, ಮಾತಾಡಿ,” ಅಂದುಬಿಟ್ಟೆ. ಮಾತಾಡಬೇಕಾದವನು ನಾನೇ ಆಗಿದ್ದೆ.